ಮಡಿಲಿಲ್ಲದ ಸೀರೆ

ಈ ಫೋನಿಗೆ ಒಂದು ಕೆಟ್ಟ ಚಾಳಿ ಇದೆ. ನಾನು ಕೇಳದಿದ್ದರೂ ಹಳೆಯ ಫೋಟೋಗಳನ್ನು ಹುಡುಕಿ ತಂದು, ಹಿಂದೆ ಒಂದಿಷ್ಟು ಪಿಟೀಲು ಬಾರಿಸಿ, "ನೆನಪಿದೆಯಾ?" ಎಂದು ಕೇಳುತ್ತದೆ. ನೆನಪಿಲ್ಲದೆ ಏನಪ್ಪಾ, ಈ ಫೋಟೋ ತೆಗೆದು ಇನ್ನೂ ಎರಡು ಅಮಾವಾಸ್ಯೆ ಕಳೆದಿಲ್ಲ. ಬೆಳಿಗ್ಗೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅದು ತಂದಿಟ್ಟ ಚಿತ್ರದಲ್ಲಿ ನಾನು ಮಂಕಿ ಕ್ಯಾಪ್ ಹಾಕಿಕೊಂಡು, ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಅಕ್ಕಿ ಚೀಲ ಹಿಡಿದು, ತಲೆಯಿಲ್ಲದ ಒಂದು ಗೊಂಬೆಯನ್ನು ದುರುಗುಟ್ಟಿಕೊಂಡು ನೋಡುತ್ತಿದ್ದೇನೆ. ಗೊಂಬೆ ಮದುವೆ ಹೆಣ್ಣಿನ ಹಾಗೆ ಮಿಂಚುತ್ತಿದೆ. ಗಾಜಿನಾಚೆ ಮಳೆ. ಆ ಮಳೆ ಇಂಗ್ಲೆಂಡಿನದು.

ಇದನ್ನೆಲ್ಲ ಬರೆಯುತ್ತಿರುವುದು ನನ್ನ ಬಲಗೈ ತೋರುಬೆರಳು. ಉಳಿದ ಬೆರಳುಗಳಿಗೆ ಇದರಲ್ಲಿ ಪಾಲಿಲ್ಲ, ತಪ್ಪು ಬಂದರೆ ಅವನ್ನು ಬೈಯಬೇಡಿ. ಕಲಿಸಿದವಳು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಶಿವಲೀಲಾ. ಬಾಗಲಕೋಟೆ ಕಡೆಯವಳು, ಯಲಹಂಕದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮೊದಲ ದಿನವೇ ಅಂದಳು, "ಅಜ್ಜೀ, ಒತ್ತಬ್ಯಾಡ್ರೀ, ಬರೇ ಮುಟ್ರಿ. ಅದೇನ್ ಕಾಲಿಂಗ್ ಬೆಲ್ ಅಲ್ರೀ." ಈಗ ಮುಟ್ಟುತ್ತಿದ್ದೇನೆ. ದನ ಕರೆದ ಕೈಗೆ ಮೆಲ್ಲಗೆ ಮುಟ್ಟುವುದು ಕಲಿಯಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೆ.

ಯಲಹಂಕದ ಪಕ್ಕದ ಕೋಗಿಲಿನಲ್ಲಿ ಕೂತಿರುವ ಮುದುಕಿ ಇಂಗ್ಲೆಂಡಿನ ಬಟ್ಟೆ ಅಂಗಡಿಗೆ ತೆಂಗಿನಕಾಯಿ ಹಿಡಿದುಕೊಂಡು ಯಾಕೆ ಹೋದಳು ಎಂದು ಕೇಳುತ್ತೀರಿ. ಎಲ್ಲ ಸಹನಾಳಿಂದ.

ಸಹನಾ ನನ್ನ ಮಗಳು ಗಾಯತ್ರಿಯ ಮಗಳು. ಆರ್.ಟಿ. ನಗರದಲ್ಲಿ ಹುಟ್ಟಿ ಬೆಳೆದರೂ ರಜೆ ಬಂತೆಂದರೆ ನಮ್ಮ ಕೊಟ್ಟಿಗೆಯಲ್ಲೇ ಇರುತ್ತಿದ್ದಳು. ಗಬ್ಬದ ಹಸುವಿನ ಹೊಟ್ಟೆಗೆ ಕಿವಿ ಇಟ್ಟು "ಅಜ್ಜಿ, ಒಳಗೆ ಕರು ಓದ್ಕೊಳ್ತಾ ಇದೆ" ಅನ್ನುತ್ತಿದ್ದಳು. ಕೊನೆಗೆ ಓದಿದ್ದು ಅವಳೇ. ಹೆಬ್ಬಾಳದಲ್ಲಿ ದನದ ಡಾಕ್ಟರಾದಳು. ಆಮೇಲೆ ಒಂದು ಮದುವೆಯೂ ಆಯಿತು. ಛತ್ರದ ತುಂಬ ಜನ, ಡ್ರೋನ್ ಕ್ಯಾಮೆರಾ, ಅದರ ಗಾಳಿಗೆ ಪುರೋಹಿತರ ಹೋಮದ ಬೂದಿಯೆಲ್ಲ ಬೀಗರ ತಲೆಯ ಮೇಲೆ. ಆ ಮದುವೆ ಉಳಿಯಲಿಲ್ಲ. ಯಾಕೆ ಅನ್ನುವುದು ಅವಳ ವಿಷಯ, ಅವಳು ಹೇಳಿದಷ್ಟೇ ನನಗೆ ಗೊತ್ತು, ಅದನ್ನು ಇಲ್ಲಿ ಹೇಳುವುದಿಲ್ಲ. ಬಿಡುಗಡೆಯಾದ ಮೇಲೆ ಕುರಿಗಳ ಕಾಯಿಲೆ ಬಗ್ಗೆ ಓದುತ್ತೇನೆಂದು ಇಂಗ್ಲೆಂಡಿಗೆ ಹೋದಳು. ಅಲ್ಲಿ ಕುರಿಯ ಕಾಯಿಲೆಯ ಜೊತೆಗೆ ಕುರಿಯ ಯಜಮಾನನೂ ಸಿಕ್ಕಿದ. ಹೆಸರು ಡ್ಯಾನ್.

"ಕುರಿ ಕಾಯೋನ್ಗಾ ಕೊಡೋದು?" ಎಂದು ನೆಂಟರಲ್ಲಿ ಒಬ್ಬರು ಮೂಗು ಮುರಿದರು. ನಾನು ಅಂದೆ, "ನಮ್ ವಂಶದಲ್ಲಿ ಹೊಲ ಇರೋದು ಇನ್ಮೇಲೆ ಅವನೊಬ್ಬನಿಗೇ. ನಾವೆಲ್ಲ ಮಾರ್ಕೊಂಡು ಕೂತಿದೀವಿ." ನಿಜವೇ ತಾನೆ. ನಮ್ಮ ದ್ರಾಕ್ಷಿ ಚಪ್ಪರ ಇದ್ದ ಕಡೆ ಈಗ ಬಾಡಿಗೆ ಮನೆಗಳು. ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಉತ್ತರದ ಹುಡುಗರು ಇದ್ದಾರೆ. ಅವರ ಜೊತೆ ಮಾತಾಡಿ ಮಾತಾಡಿ ನನಗೆ ಹಿಂದಿ ಬಂತು. ಆದರೆ ಆ ಹಿಂದಿಯೆಲ್ಲ ನೀರು, ಕಸ, ಗೇಟು ಇಷ್ಟರಲ್ಲೇ ಮುಗಿಯುತ್ತದೆ.

ಸಹನಾ ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು. ಮದುವೆ ಅಲ್ಲೇ, ರಿಜಿಸ್ಟರ್ ಆಫೀಸಿನಲ್ಲಿ. ಒಂದು ಸಹಿ, ಒಂದು ಊಟ. ಅಮ್ಮ ಮತ್ತು ಅಜ್ಜಿ ಬಂದರೆ ಸಾಕು. ಸೀರೆ ಗೀರೆ ತರಕೂಡದು. ನನ್ನನ್ನು ನಂಬದೆ, ಹೊರಡುವ ಹಿಂದಿನ ದಿನ ವಿಡಿಯೋ ಕಾಲ್ ಮಾಡಿ ಸೂಟ್‌ಕೇಸ್ ತೆರೆಸಿದಳು. ಶಿವಲೀಲಾ ಒಂದೊಂದನ್ನೇ ಎತ್ತಿ ತೋರಿಸಿದಳು. ರಾಗಿ ಹಿಟ್ಟು, ಹುರುಳಿ, ಹುಚ್ಚೆಳ್ಳು ಪುಡಿ, ಸ್ವೆಟರ್. "ಅಡೀಲಿ ಏನಿದೆ?" "ಅಡೀಲೂ ಹುರುಳೀನ ಐತ್ರಿ ಮೇಡಂ." ಅಷ್ಟಾದ ಮೇಲೆ ಬಿಟ್ಟಳು. ಹೀಗೆ ನಾವು ಮದುವೆಗೆಂದು ಹೊರಟವರು, ಮದುವೆಯ ಒಂದು ಎಳೆ ದಾರವೂ ಇಲ್ಲದೆ ವಿಮಾನ ಹತ್ತಿದೆವು.

ನನ್ನ ಓರಗಿತ್ತಿ ಜಯಮ್ಮನಿಗೆ ಇದರಿಂದ ಸಮಾಧಾನವಾಗಿತ್ತು. ಜಯ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ನನ್ನ ಯಜಮಾನರು ಹೋದ ಮೇಲೆ ಅವರ ತಮ್ಮನೂ, ಅಂದರೆ ಅವಳ ಗಂಡನೂ, ಬೇಗ ಹೋಗಿಬಿಟ್ಟರು. ಅಂದಿನಿಂದ ಸಾರು ಆಚೀಚೆ ಬದಲಾಯಿಸಿಕೊಂಡು, ಜಗಳ ಮಾತ್ರ ಬದಲಾಯಿಸದೆ ಬದುಕುತ್ತಿದ್ದೇವೆ.

"ಎರಡ್ನೇ ಸಲಕ್ಕೆ ಧಾರೆ ಸೀರೆ ಯಾಕಕ್ಕಾ?" ಅಂದಿದ್ದಳು. "ಇಂಗೇ ಸದ್ದಿಲ್ದಂಗೆ ಆಗೋಗ್ಲಿ ಬುಡು. ಆ ಮಗೀಗೆ ಜನದ ಬಾಯಿಗ್ ಬೀಳಾದು ತಪ್ತದೆ."

ಅವಳು ಕೆಟ್ಟದ್ದಕ್ಕೆ ಹೇಳಲಿಲ್ಲ. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಸಹನಾ ತನಗೆ ತಾನೇ ಶಿಕ್ಷೆ ಹಾಕಿಕೊಂಡ ಹಾಗೆ, ಒಂದು ಸಂತೋಷವನ್ನು ಹಿಂಬಾಗಿಲಿನಿಂದ ಒಳಗೆ ತರುತ್ತಿದ್ದಾಳೆ ಅನ್ನಿಸುತ್ತಿತ್ತು. ಅವಳು ಮುಂಬಾಗಿಲಿನಿಂದಲೇ ಮದುಮಗಳಾಗಿ ಬರಬೇಕು. ಇದಿಷ್ಟೇ ನನ್ನ ಆಸೆ. ಅದಕ್ಕೇ ಈ ವಯಸ್ಸಿನ ಮಂಡಿಯನ್ನು ಮಡಚಿಕೊಂಡು ಅಷ್ಟು ಹೊತ್ತು ವಿಮಾನದ ಸೀಟಿನಲ್ಲಿ ಕೂತೆ.

ಗಾಯತ್ರಿ ಅಲ್ಲಿಗೆ ಹೋಗಿ ಮೂರು ದಿನ ಮುಖ ಊದಿಸಿಕೊಂಡಿದ್ದಕ್ಕೆ ಸಹನಾ ಸ್ವಲ್ಪ ಬಗ್ಗಿದಳು. "ಆಯ್ತಮ್ಮ, ಏನೋ ಒಂದು ಇಂಡಿಯನ್ ಡ್ರೆಸ್ ತಗೊಳ್ಳೋಣ. ಸಿಂಪಲ್ಲಾಗಿ." ಡ್ಯಾನ್ ತನ್ನ ಗಾಡಿಯಲ್ಲಿ ನಮ್ಮನ್ನು ಲೆಸ್ಟರ್ ಎಂಬ ಊರಿಗೆ ಕರೆದುಕೊಂಡು ಹೋದ. ಗಾಡಿಯಲ್ಲಿ ಕುರಿಯ ವಾಸನೆ. ನನಗೆ ಆ ದೇಶದಲ್ಲಿ ಮೊದಲ ಸಲ ಮನೆಗೆ ಬಂದ ಹಾಗಾಯಿತು. ಅವನು ಒಂದೇ ಒಂದು ಕನ್ನಡ ಮಾತು ಕಲಿತಿದ್ದ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ "ಅಜ್ಜಿ, ಊಟಾ ಆಯ್ತಾ?" ಅನ್ನುತ್ತಿದ್ದ. ಗಾಡಿ ಹತ್ತಿಸುವಾಗಲೂ ಅದೇ, ಇಳಿಸುವಾಗಲೂ ಅದೇ. ನಾನು ಪ್ರತಿ ಸಲವೂ "ಆಯ್ತಪ್ಪ" ಅನ್ನುತ್ತಿದ್ದೆ.

ಆ ಬೀದಿಗೆ ಕಾಲಿಟ್ಟರೆ ಯಶವಂತಪುರದ ಮಾರ್ಕೆಟ್ಟಿನ ಜನವೆಲ್ಲ ಸ್ವೆಟರ್ ಹಾಕಿಕೊಂಡು ಬಂದ ಹಾಗಿತ್ತು. ಒಂದು ಕಡೆ ಜಿಲೇಬಿ ಕರಿಯುತ್ತಿದ್ದಾರೆ, ಪಕ್ಕದಲ್ಲಿ ದಿನಸಿ ಅಂಗಡಿ, ಅದರ ಪಕ್ಕ ಬಟ್ಟೆ ಅಂಗಡಿ. ಅಂಗಡಿಯ ಯಜಮಾನಿ ಒಬ್ಬ ಪಂಜಾಬಿ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಕೆಲಸದವರೆಲ್ಲ ಅವರನ್ನು ಬೀಜಿ ಎಂದು ಕರೆಯುತ್ತಿದ್ದರು. ಒಳಗೆ ಸಾಲು ಸಾಲಾಗಿ ತಲೆಯಿಲ್ಲದ ಗೊಂಬೆಗಳು ಮದುಮಗಳ ಬಟ್ಟೆ ಉಟ್ಟು ನಿಂತಿದ್ದವು. ತಲೆ ಇಲ್ಲದಿದ್ದರೆ ಮದುಮಗಳಿಗೆ ಒಂದು ಅನುಕೂಲವೇ. ತಲೆ ಬಗ್ಗಿಸು, ತಲೆ ಎತ್ತು, ನಗು, ಸಾಕು ನಗಬೇಡ ಎಂದು ಯಾರೂ ಹೇಳುವಂತಿಲ್ಲ.

ಮೊದಲು ಡ್ಯಾನ್‌ನ ಸರದಿ. ಅವನಿಗೆ ಪಂಚೆ ಎಂದರೆ ಬಲು ಉತ್ಸಾಹ. ಒಳಗೆ ಹೋದವನು ರೆಡಿಮೇಡ್ ಪಂಚೆ ಸುತ್ತಿಕೊಂಡು ಬಂದು, ಕೈ ಅಗಲಿಸಿ, "ಊಟಾ ಆಯ್ತಾ?" ಎಂದು ನಿಂತ. ಅಂಚು ಸೊಟ್ಟಗಿದೆಯಲ್ಲ, ಸರಿ ಮಾಡೋಣ ಎಂದು ಒಂದು ತುದಿ ಹಿಡಿದು ಎಳೆದೆ. ಚರ್ರ್ ಎಂದು ಸದ್ದಾಗಿ ಪಂಚೆಯೆಲ್ಲ ನನ್ನ ಕೈಗೆ ಬಂತು. ಅದನ್ನು ಗಂಟು ಹಾಕುವುದಲ್ಲವಂತೆ, ಬ್ಯಾಗಿನ ಪಟ್ಟಿಯ ಹಾಗೆ ಅಂಟಿಸುವುದಂತೆ. ಪುಣ್ಯಕ್ಕೆ ಒಳಗೆ ಪ್ಯಾಂಟ್ ಇತ್ತು. "ಅಮ್ಮಾ! ಬೀಗ್ರ ಮಗನ್ನ ಅಂಗಡೀಲೇ ಬಿಚ್ಚಿ ನಿಲ್ಲಿಸ್ಬಿಟ್ಟೆಯಲ್ಲ!" ಎಂದು ಗಾಯತ್ರಿ ಹಣೆ ಚಚ್ಚಿಕೊಂಡಳು. ಬೀಜಿ ಕೌಂಟರಿನ ಹಿಂದೆ ಬಗ್ಗಿ ಏನೋ ಹುಡುಕುವ ಹಾಗೆ ನಟಿಸಿದರು, ಭುಜ ಮಾತ್ರ ಕುಲುಕುತ್ತಿತ್ತು. ಅಲ್ಲಿಂದ ನಾವಿಬ್ಬರೂ ಗೆಳತಿಯರಾದೆವು. ಡ್ಯಾನ್ ಮಾನ ಉಳಿಸಿಕೊಳ್ಳಲು ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಸಹನಾ ಒಂದು ಕೆನೆ ಬಣ್ಣದ್ದನ್ನು ಆರಿಸಿದಳು. ಸೀರೆಯ ಹಾಗೆ ಕಾಣುತ್ತದೆ, ಆದರೆ ಸೀರೆಯಲ್ಲ. ನೆರಿಗೆಯನ್ನೆಲ್ಲ ಹೊಲಿದಿಟ್ಟಿದ್ದಾರೆ, ಪಕ್ಕದಲ್ಲಿ ಜಿಪ್ಪು, ಸೆರಗು ಎನ್ನುವುದು ನಾಲ್ಕು ಬೆರಳು ಅಗಲದ ಮಿಂಚಿನ ಪಟ್ಟಿ.

"ಒಂದು ನಿಮಿಷದಲ್ಲಿ ಹಾಕ್ಕೊಂಡ್ಬಿಡ್ಬೋದು ಅಜ್ಜಿ."

"ಇದಕ್ಕೆ ಮಡಿಲೆಲ್ಲಿದೆ?"

"ಏನು?"

"ಮಡಿಲು ಕಣೆ. ಮಡ್ಲಕ್ಕಿ ಎಲ್ಲಿ ಹಾಕೋದು?"

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುಮಗಳು ತವರಿಂದ ಹೊರಡುವಾಗ ಅವಳು ಸೆರಗನ್ನು ಮಡಿಲಾಗಿ ಹಿಡಿಯಬೇಕು, ಮುತ್ತೈದೆಯರು ಅದರಲ್ಲಿ ಅಕ್ಕಿ, ಕಾಯಿ, ಬೆಲ್ಲ, ವೀಳ್ಯದೆಲೆ ತುಂಬುತ್ತಾರೆ. ಅದನ್ನು ಹೊತ್ತುಕೊಂಡೇ ಗಂಡನ ಮನೆಗೆ ಹೋಗಿ, ಆ ಅಕ್ಕಿಯನ್ನೇ ಅಲ್ಲಿ ಬೇಯಿಸಬೇಕು. ನಾನು ಚಿಕ್ಕಜಾಲದಿಂದ ಕೋಗಿಲಿಗೆ ಮಡ್ಲಕ್ಕಿ ಹೊತ್ತು ಎತ್ತಿನ ಗಾಡಿಯಲ್ಲಿ ಬಂದವಳು. ಬೆಳಗಿನಿಂದ ಉಪವಾಸ, ಮಡಿಲಲ್ಲಿ ಬೆಲ್ಲದ ಅಚ್ಚು. ನೀವೇ ಹೇಳಿ. ಮುಸುಕಿನೊಳಗೆ ಚೂರು ಚೂರೇ ಕಚ್ಚುತ್ತ ಬಂದೆ. ಹೊಸ್ತಿಲಲ್ಲಿ ನಮ್ಮತ್ತೆ ಮಡಿಲು ಬಿಚ್ಚಿಸಿ ನೋಡಿದರೆ ಅಕ್ಕಿ ಇದೆ, ಕಾಯಿ ಇದೆ, ಬೆಲ್ಲದ ಜಾಗದಲ್ಲಿ ನಾಲ್ಕು ಇರುವೆ. ಅತ್ತೆ ನನ್ನ ಬಾಯಿ ನೋಡಿ, "ಬೆಲ್ಲ ನಡ್ಕೊಂಡೇ ಒಳಿಕ್ ಬತ್ತಾ ಅದೆ, ಬುಡ್ರಿ" ಅಂದರು. ಆ ಮನೆಯಲ್ಲಿ ನನಗೆ ಮೊದಲು ಸಿಕ್ಕ ಸೊಸೆಯ ಪಟ್ಟ ಅದೇ.

ಅದೇ ಅತ್ತೆ ಸೀರೆ ಕೊಳ್ಳುವ ಕ್ರಮವೂ ಹಾಗೇ ಇತ್ತು. ದೊಡ್ಡಬಳ್ಳಾಪುರ ಕಡೆಯಿಂದ ಗಂಟು ಹೊತ್ತು ಬರುವ ವ್ಯಾಪಾರಿ ಜಗಲಿಯ ಮೇಲೆ ಸೀರೆ ಹರಡಿದರೆ, ಬಣ್ಣ ಆಮೇಲೆ, ಅಂಚು ಆಮೇಲೆ. ಮೊದಲು ಸೆರಗಿಗೆ ಮೊರದಿಂದ ರಾಗಿ ಸುರಿದು ಎತ್ತಿ ನೋಡುತ್ತಿದ್ದರು. ಅವನು ಗೋಳಾಡುತ್ತಿದ್ದ, "ಯಜಮಾನಮ್ಮ, ನಿಮಗೆ ಸೀರೆ ಬೇಕೋ ಗೋಣಿಚೀಲ ಬೇಕೋ ಹೇಳ್ಬಿಡಿ."

ಸಹನಾಳಿಗೆ ಇದೆಲ್ಲ ಕೇಳುವ ಮನಸ್ಸಿರಲಿಲ್ಲ. "ರಿಜಿಸ್ಟರ್ ಆಫೀಸಲ್ಲಿ ಯಾರಜ್ಜಿ ಮಡ್ಲಕ್ಕಿ ಹಾಕ್ತಾರೆ?" ಅಂದವಳು, ದನಿ ತಗ್ಗಿಸಿ, "ಆ ವೇಷ ನಾನು ಒಂದ್ಸಲ ಹಾಕಿದೀನಿ. ಎಲ್ರೂ ನೋಡಿದಾರೆ. ಮತ್ತೆ ಹಾಕ್ಕೊಂಡ್ರೆ ನಗ್ತಾರೆ. ಸಾಕು ಅಜ್ಜಿ, ಪ್ಲೀಸ್" ಅಂದಳು.

ನನ್ನ ಬಾಯಿ ಕಟ್ಟಿತು. ಆದರೆ ಬುದ್ಧಿ ಕಟ್ಟಲಿಲ್ಲ.

"ಆಯ್ತು ಕಣವ್ವ. ಇದನ್ನೇ ತಗೋ. ಆದ್ರೆ ಅಕ್ಕಿ ಸುರಿದು ನೋಡ್ತೀನಿ. ತಡೆದ್ರೆ ನಾನು ತುಟಿ ಬಿಚ್ಚಲ್ಲ. ತಡೀಲಿಲ್ಲ ಅಂದ್ರೆ ನಾನು ಹೇಳಿದ್ದು ಒಂದು ಉಟ್ಟು ನೋಡು. ತಗೋ ಅನ್ನಲ್ಲ, ಬರೀ ನೋಡು."

"ಅಂಗಡೀಲಾ? ಅಜ್ಜಿ, ಇದು ಇಂಗ್ಲೆಂಡು!"

"ಇಲ್ಲಿನವರು ಅನ್ನ ತಿನ್ನಲ್ವೇನು?"

ಗಾಯತ್ರಿ ಪಕ್ಕದ ದಿನಸಿ ಅಂಗಡಿಯಿಂದ ಅಕ್ಕಿ, ಕಾಯಿ, ಬೆಲ್ಲ ತಂದಳು. ಎಲೆಯೂ ಸಿಕ್ಕಿತು. ಫೋಟೋ ತೆಗೆದದ್ದು ಆವಾಗಲೇ. ಬೀಜಿ ಗಾಬರಿಯಾಗಿ "ಆಂಟೀಜಿ, ಯೇ ಕ್ಯಾ ಕರ್ ರಹೇ ಹೋ?" ಅಂದರು. ನಾನು ನನ್ನ ಬಾಡಿಗೆ ಮನೆಯ ಹಿಂದಿಯಲ್ಲಿ, "ಚಿಂತಾ ನಹೀ. ಕಚರಾ ನಹೀ ಹೋಗಾ", ಕಸ ಆಗಲ್ಲ, ಎಂದು ಧೈರ್ಯ ಹೇಳಿ, ಸಹನಾ ಹಿಡಿದ ಆ ಕೆನೆ ಬಣ್ಣದ ಪಟ್ಟಿಗೆ ಕಾಯಿ ಇಟ್ಟು ಅಕ್ಕಿ ಸುರಿದೆ. ಅಷ್ಟೂ ಅಕ್ಕಿ ಜಾರುಬಂಡೆಯಲ್ಲಿ ಮಕ್ಕಳು ಇಳಿದ ಹಾಗೆ ಇಳಿದು ಅವರ ಕಾರ್ಪೆಟ್ಟಿನ ಮೇಲೆ ಹರಡಿತು. ಕಾಯಿ ಉರುಳಿ ಒಂದು ಗೊಂಬೆಯ ಬುಡ ಸೇರಿತು.

ಬೈಯುತ್ತಾರೆಂದು ಕಾದೆ. ಬೀಜಿ ಕಾರ್ಪೆಟ್ ನೋಡಿದರು, ಸಹನಾಳ ಮುಖ ನೋಡಿದರು, ಆಮೇಲೆ ತಮ್ಮ ದುಪ್ಪಟ್ಟವನ್ನು ಎರಡು ಕೈಯಲ್ಲಿ ಹಿಡಿದು ಬಟ್ಟಲಿನ ಹಾಗೆ ಮಾಡಿ ತೋರಿಸಿದರು. "ಝೋಲಿ! ಝೋಲಿ ಭರ್ನಾ?" ಮಡಿಲು ತುಂಬುವುದು ಅವರಲ್ಲೂ ಇದೆಯಂತೆ. ಅಷ್ಟು ಹೊತ್ತು ಕೌಂಟರಿನ ಹಿಂದೆ ಕೂತಿದ್ದವರು ಎದ್ದು, ಏಣಿ ಹಾಕಿಸಿ, ಮೇಲಿನ ಅಟ್ಟದಿಂದ ಒಂದು ಸೀರೆ ಇಳಿಸಿದರು. ಅರಿಶಿನ ಬಣ್ಣ, ಅಂಗೈ ಅಗಲದ ಕುಂಕುಮದ ಅಂಚು. ಜಿಪ್ಪಿಲ್ಲ, ಮಿಂಚಿಲ್ಲ, ಉದ್ದಕ್ಕೆ ಹರಡಿಕೊಂಡ ಒಂದೇ ಬಟ್ಟೆ.

ಸಹನಾ ಮಾತು ತಪ್ಪುವವಳಲ್ಲ. ಜೀನ್ಸ್ ಮೇಲೆಯೇ ಸೀರೆ ಸುತ್ತಿಸಿಕೊಂಡು, "ಬರೀ ಟೆಸ್ಟು" ಅಂದಳು.

"ಬರೀ ಟೆಸ್ಟು."

ಸೆರಗು ಹಿಡಿದು ನಿಂತಳು. ಗಾಯತ್ರಿ ಚೆಲ್ಲಿದ ಅಕ್ಕಿ ಬಳಿಯಲು ಪೊರಕೆ ಕೇಳಿಕೊಂಡು ಒಳಗೆ ಹೋಗಿದ್ದಳು. ಗಂಡ ಇರುವವಳು ಅವಳು, ತುಂಬಬೇಕಾದವಳು ಅವಳೇ. ನಾನು ಚೀಲಕ್ಕೆ ಕೈ ಹಾಕಿ ಹಾಗೇ ನಿಂತೆ. ಯಜಮಾನರು ಹೋದಾಗಿನಿಂದ ಯಾವ ಮದುವೆಯಲ್ಲೂ ನಾನು ಮಡಿಲು ತುಂಬಿಲ್ಲ. ತುಂಬಬೇಡ ಎಂದು ಯಾರೂ ಅಂದಿಲ್ಲ, ಅನ್ನುವ ತೊಂದರೆಯನ್ನು ಅವರಿಗೆ ನಾನು ಕೊಡಲಿಲ್ಲ. ಆ ಹೊತ್ತು ಬಂದರೆ ಜಯ, ನಾನು ಇಬ್ಬರೂ ಅಡುಗೆಯವರ ಕಡೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇವೆ. ಇಲ್ಲಿ ಯಾರಿದ್ದಾರೆ? ತಲೆಯಿಲ್ಲದ ಗೊಂಬೆಗಳು. ನಾನು ಬೊಗಸೆ ತುಂಬ ಅಕ್ಕಿ ತೆಗೆದು ಹಾಕಿದೆ. ಮತ್ತೆ ಹಾಕಿದೆ. ಕಾಯಿ ಇಟ್ಟೆ, ಬೆಲ್ಲ ಇಟ್ಟೆ, ಎಲೆ ಇಟ್ಟೆ. "ಹೋದ ಮನೇಲಿ ಹೊಟ್ಟೆ ತುಂಬ ಉಂಡು, ಬಾಯ್ತುಂಬ ನಕ್ಕೊಂಡಿರು" ಅಂದೆ. ಶಾಸ್ತ್ರದ ಮಾತು ಬೇರೆ ಇದೆ, ಆಗ ನೆನಪಾಗಲಿಲ್ಲ.

"ಭಾರ ಇದೆ ಅಜ್ಜಿ" ಅಂದಳು ಸಹನಾ.

"ಇರ್ಲಿ."

ಕೆಳಗಿಡಲಿಲ್ಲ. ಮಡಿಲನ್ನು ಎದೆಗೆ ಒತ್ತಿಕೊಂಡು ಕನ್ನಡಿಯ ಕಡೆ ತಿರುಗಿದಳು. "ಅವತ್ತು ಕ್ಯಾಮೆರಾದವ್ರು ಸರಿ ಬರ್ಲಿಲ್ಲ ಅಂತ ತೆಗೆದು ತೆಗೆದು ಮತ್ತೆ ಹಾಕ್ಸಿದ್ರು. ಯಾರು ಹಾಕಿದ್ರು ಅಂತಾನೂ ನಾನು ನೋಡ್ಲಿಲ್ಲ. ನೀನೆಲ್ಲಿದ್ದೆ ಅಜ್ಜಿ ಅವತ್ತು?"

"ಒಳಗೆ. ಕಾಯಿ ಸುಲೀತಾ ಇದ್ದೆ."

ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದಳು. ದನದ ಡಾಕ್ಟರು ತಾನೆ, ಬಾಯಿಲ್ಲದ ಪ್ರಾಣಿಗಳ ನೋವು ಹುಡುಕಿ ಅಭ್ಯಾಸ. "ಇದು ಟೆಸ್ಟ್ ಅಲ್ಲ ಅಲ್ವಾ?"

"ಸೀರೆ ತಡೀತು ನೋಡು" ಅಂದೆ.

ಅಷ್ಟರಲ್ಲಿ ಟೀ ಮುಗಿಸಿದ ಡ್ಯಾನ್ ಒಳಗೆ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಕಲಿತ ಒಂದು ಮಾತೂ ಮರೆತುಹೋಯಿತು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಷ್ಟು ಜನ ಸೇರಿದ್ದ ಆ ಛತ್ರದಲ್ಲಿ ಅವಳನ್ನು ಹಾಗೆ ನೋಡಿದವರು ಒಬ್ಬರೂ ಇರಲಿಲ್ಲ. ನಾನು ಕನ್ನಡಿಯಲ್ಲಿ ಸಹನಾಳ ಕಿವಿ ಕೆಂಪಾದದ್ದನ್ನು ನೋಡಿ, ಏನೂ ಕಾಣದವಳ ಹಾಗೆ ಕಾರ್ಪೆಟ್ಟಿನ ಅಕ್ಕಿ ಆರಿಸತೊಡಗಿದೆ. ನಮ್ಮಲ್ಲಿ ಧಾರೆ ಸೀರೆ ಗಂಡಿನ ಕಡೆಯವರು ಕೊಡಬೇಕು ಎಂದು ಗಾಯತ್ರಿ ವಿವರಿಸಿದ ಮೇಲೆ, ಅವನು ತಾನೇ ದುಡ್ಡು ಕೊಟ್ಟು, ಆ ಸೀರೆಯ ಚೀಲವನ್ನು ಯಾರ ಕೈಗೂ ಕೊಡದೆ, ಈಗ ತಾನೆ ಹುಟ್ಟಿದ ಕುರಿಮರಿಯ ಹಾಗೆ ತಬ್ಬಿಕೊಂಡು ಗಾಡಿಯವರೆಗೂ ಹೊತ್ತ.

ಮಡಿಲಿಗೆ ಬಿದ್ದ ಅಕ್ಕಿಯನ್ನು ವಾಪಸ್ ಚೀಲಕ್ಕೆ ಹಾಕುವ ಹಾಗಿಲ್ಲ. ಗಂಡನ ಮನೆಯಲ್ಲೇ ಬೇಯಬೇಕು. ಸಂಜೆ ಡ್ಯಾನ್‌ನ ಅಡುಗೆಮನೆಯಲ್ಲಿ ಬೇಯಿಸಿದೆವು. ಆ ಉದ್ದನೆಯ ಅಕ್ಕಿ ನನ್ನ ಮಾತು ಕೇಳದೆ ಅಂಟಾಯಿತು. ಹುರುಳಿ ಸಾರಿನ ಜೊತೆ ಅವನು ಕೈಯಲ್ಲೇ ಕಲಸಿ ಉಂಡು, ತಟ್ಟೆ ಎತ್ತುತ್ತ "ಅಜ್ಜಿ, ಊಟಾ ಆಯ್ತಾ?" ಅಂದ. ಪಾಪ, ಆ ಪ್ರಶ್ನೆ ಮೊದಲ ಸಲ ಸರಿಯಾದ ಹೊತ್ತಿಗೆ ಬಂದಿತ್ತು.

ಕಿಟಕಿಯಾಚೆ ಕುರಿಗಳು ಮಳೆಯಲ್ಲೇ ಮೇಯುತ್ತಿದ್ದವು. ಸಹನಾ ನನ್ನ ಪಕ್ಕ ಬಂದು ಕೂತಳು.

"ಅಜ್ಜಿ, ಸಹಿ ಇಲ್ಲೇ ಹಾಕಿಬಿಡ್ತೀವಿ. ಆದ್ರೆ ಮದುವೆ ಊರಲ್ಲಿ. ಛತ್ರ ಬೇಡ, ನಮ್ಮನೆ ಮುಂದೇನೇ ಚಪ್ಪರ ಹಾಕ್ಸು. ಆ ಸೀರೆ ಉಟ್ಕೋತೀನಿ."

ನನಗೆ ಎದ್ದು ಕುಣಿಯಬೇಕೆನ್ನಿಸಿತು. ಮಂಡಿ ಒಪ್ಪಲಿಲ್ಲ.

"ಆದ್ರೆ ಮಡ್ಲಕ್ಕಿ ನೀನೇ ಹಾಕ್ಬೇಕು. ಮೊದಲ್ನೇ ಬೊಗಸೆ. ಎಲ್ರ ಎದುರಿಗೆ."

"ಏ, ಅದಾಗಲ್ಲ ಕಣೆ. ಅಂಗಡೀಲಿ ಏನೋ ತಮಾಷೆಗೆ..."

"ತಮಾಷೆ ಆಗಿದ್ರೆ ಯಾಕೆ ಅಕ್ಕಿ ಬೇಯಿಸ್ದೆ?"

ಸಹನಾ ನನ್ನ ಕೈ ಹಿಡಿದಳು. "ನಾನು ಎರಡನೇ ಸಲ ಮದುಮಗಳಾಗಿ ಕೋಗಿಲು ಜನದ ಮುಂದೆ ಕೂರ್ಬೋದು. ನೀನು ಒಂದು ಬೊಗಸೆ ಅಕ್ಕಿ ಹಾಕಕ್ಕಾಗಲ್ವಾ?"

ನೋಡಿ, ಕಿಲಾಡಿ ನಾನು ಎಂದುಕೊಂಡಿದ್ದೆ. ಮೊಮ್ಮಗಳನ್ನು ಮುಂಬಾಗಿಲಿನಿಂದ ಕರೆತರುತ್ತೇನೆಂದು ಹೊರಟವಳನ್ನು ಅವಳು ಅಡುಗೆಯ ಹಿಂಬಾಗಿಲಲ್ಲೇ ಹಿಡಿದಳು. ಪರದೇಶದಲ್ಲಿ ಗೊಂಬೆಗಳ ಮುಂದೆ ಧೈರ್ಯ ಮಾಡುವುದು ಬೇರೆ. ನಮ್ಮ ಚಪ್ಪರದ ಕೆಳಗೆ, ಪ್ರತಿಯೊಬ್ಬರಿಗೂ ತಲೆ ಇರುತ್ತದೆ, ತಲೆಗೊಂದು ಬಾಯಿ ಇರುತ್ತದೆ. "ಆಯ್ತು" ಎನ್ನುವುದಕ್ಕೆ ಆ ಸಂಜೆ ಪೂರ್ತಿ ಬೇಕಾಯಿತು. ಆದರೆ ಅಂದೆ.

ಮದುವೆ ಮಾಘದಲ್ಲಿ. ಚಪ್ಪರದವನಿಗೆ ಹೇಳಿಯಾಗಿದೆ. ಜಯಮ್ಮನಿಗೆ ಹೇಳುವುದನ್ನು ಮಾತ್ರ ನಾಳೆ ನಾಳೆ ಎಂದು ತಳ್ಳುತ್ತ ಬಂದಿದ್ದೆ. ಇವತ್ತು ಬೆಳಿಗ್ಗೆ ಅವರೆಕಾಯಿಯ ರಾಶಿಯ ಆಚೆ ಬದಿಯಲ್ಲಿ ಅವಳೇ ಕೂತಿದ್ದಳು. ಫೋನಿನ ಫೋಟೋ ತೋರಿಸಿದೆ, ನಕ್ಕಳು. ಆ ನಗು ಮುಗಿಯುವ ಮೊದಲೇ ಹೇಳಿಬಿಟ್ಟೆ. ಸೀರೆ, ಚಪ್ಪರ, ಕೊನೆಗೆ ಮಡ್ಲಕ್ಕಿ.

ಅವಳ ಕೈ ನಿಂತಿತು. ಬೈಗುಳಕ್ಕೆ ಸಿದ್ಧವಾಗಿ ಕೂತೆ.

"ಎಲ್ಲಾರ ಮುಂದೇನಾ?" ಅಂದಳು.

"ಎಲ್ಲಾರ ಮುಂದೆ."

"ನಿಂಗೆ ಎದ್ರಿಕೆ ಆಗಲ್ವಾ ಅಕ್ಕಾ?"

"ಆಗುತ್ತೆ ಕಣೆ."

ಅವಳು ಬಹಳ ಹೊತ್ತು ಒಂದೇ ಕಾಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ಕಾಳು ಆಗಲೇ ಉದುರಿಹೋಗಿತ್ತು. ಆಮೇಲೆ ನನ್ನ ಕಡೆ ನೋಡದೆ, ಸಿಪ್ಪೆಯ ಗುಡ್ಡೆಗೆ ಹೇಳುವ ಹಾಗೆ ಮೆಲ್ಲಗೆ ಅಂದಳು, "ನೀನ್ ಆಕಿದ್ ಮ್ಯಾಲೆ... ನಾನೂ ಒಂದ್ ಇಡಿ ಆಕ್ಬೋದೇನಕ್ಕಾ?"



"ಎರಡು ಹಿಡಿ ಹಾಕೇ ಜಯ. ಸೀರೆ ತಡೆಯುತ್ತೆ, ನೋಡೇ ತಂದಿದೀನಿ."